ಡ್ರೈನ್ ಬಾಟಲಿಯ ಲೆಕ್ಕ: ನಮ್ಮ ಪಾಪುವಿನ ಎದೆಯಲ್ಲಿ ಲಿಂಫ್ ನೀರು ತುಂಬಿದಾಗ

ಹೋದ ವಾರ ಎಕ್ಸ್‌ರೇ ನೋಡಿ ಡಾಕ್ಟರು "ಇನ್ನು ಎದೆಹಾಲು ಪೂರ್ತಿ ಕೊಡಿ, ಪಥ್ಯ ಮುಗೀತು" ಅಂದರು. ಕೈಲೋಥೊರಾಕ್ಸ್, ಅಂದರೆ ಲಿಂಫ್ ಅನ್ನುವ ಮೈಯ ನೀರು ಸೋರಿ ಶ್ವಾಸಕೋಶದ ಸುತ್ತ ತುಂಬಿಕೊಳ್ಳುವುದು. ಈ ಹೆಸರನ್ನು ನಾನು ಕೇಳಿದ್ದೇ ಪಾಪುವಿಗೆ ಹೃದಯದ ಆಪರೇಷನ್ ಆದ ಮೇಲೆ. ಐಸಿಯು ಹೊರಗಿನ ಬೆಂಚಿನಲ್ಲಿ ಕೂತು ರಾತ್ರಿಯೆಲ್ಲ ಮೊಬೈಲಿನಲ್ಲಿ ಹುಡುಕುತ್ತಿದ್ದೆ. ಸಿಕ್ಕಿದ್ದೆಲ್ಲ ಡಾಕ್ಟರುಗಳಿಗೆ ಬರೆದದ್ದು. ತಾಯಿ ಏನು ಮಾಡಬೇಕು, ಹಾಲು ಏನು ಮಾಡಬೇಕು, ದುಡ್ಡು ಎಲ್ಲಿ ಖರ್ಚಾಗುತ್ತದೆ ಅನ್ನುವುದು ಎಲ್ಲೂ ಇರಲಿಲ್ಲ. ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ. ಔಷಧಿಯ ವಿಷಯಕ್ಕೆ ನಿಮ್ಮ ಡಾಕ್ಟರು ಹೇಳಿದ್ದೇ ಕೊನೆ ಮಾತು. ಬೇರೆ ಮಗುವಿನ ಡೋಸು ನಿಮ್ಮ ಮಗುವಿಗೆ ಹೊಂದುವುದಿಲ್ಲ.

ನಮ್ಮದು ತಿಪಟೂರಿನ ಹತ್ತಿರದ ಹಳ್ಳಿ. ಪಾಪು ಹುಟ್ಟಿದಾಗ ತೂಕ, ಅಳು ಎಲ್ಲ ಸರಿಯಾಗಿತ್ತು. ಒಂದು ತಿಂಗಳಾದ ಮೇಲೆ ಹಾಲು ಕುಡಿಯುವಾಗ ಹಣೆ ಬೆವರಲು ಶುರುವಾಯಿತು. ಎರಡು ನಿಮಿಷ ಚೀಪುತ್ತಿದ್ದಳು, ಸುಸ್ತಾಗಿ ಬಿಡುತ್ತಿದ್ದಳು, ಮತ್ತೆ ಹಸಿವಿಗೆ ಅಳುತ್ತಿದ್ದಳು. "ಸೆಕೆಗೆ ಬೆವರ್ತೈತೆ ಬಿಡು" ಅಂದರು ಮನೆಯಲ್ಲಿ. ಒಂದೂವರೆ ತಿಂಗಳ ಲಸಿಕೆಗೆ ಹೋದಾಗ ಮಕ್ಕಳ ಡಾಕ್ಟರು ತೊಡೆಯ ಸಂದಿಯಲ್ಲಿ ನಾಡಿ ಹುಡುಕಿದರು. ಸಿಗಲಿಲ್ಲ. ಕೈಗೆ ಪಟ್ಟಿ ಕಟ್ಟಿ ಬಿಪಿ ನೋಡಿದರು, ಆಮೇಲೆ ಕಾಲಿಗೆ ಕಟ್ಟಿ ನೋಡಿದರು. ಕೈಯಲ್ಲಿ ಜಾಸ್ತಿ, ಕಾಲಲ್ಲಿ ತುಂಬ ಕಡಿಮೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಒಂದು ಕಡೆ ಕಿರಿದಾಗಿದೆ, ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು ಅಂದರು. ಅಯೋರ್ಟಾದ ಕೋಆರ್ಕ್ಟೇಶನ್ ಅಂತ ಎಕೋದಲ್ಲಿ ಬಂತು. ಹಾಲು ಕುಡಿಯುವಾಗ ಹಣೆ ಬೆವರುವ ಕೂಸನ್ನು ದಯವಿಟ್ಟು ಒಮ್ಮೆ ತೋರಿಸಿ. ಸೆಕೆ ಅಂತ ಸುಮ್ನಿರಬೇಡಿ.

ಆಮೇಲೆ ಕಾಗದದ ಓಡಾಟ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ಹುಟ್ಟು ದೋಷಗಳಿಗೆ ಆರ್‌ಬಿಎಸ್‌ಕೆ ಅನ್ನುವ ಸರ್ಕಾರಿ ಕಾರ್ಯಕ್ರಮ 2013ರಿಂದ ಇದೆ. ನಮ್ಮ ಆಶಾ ಕಾರ್ಯಕರ್ತೆಯೇ ಅವರ ತಂಡದ ನಂಬರ್ ಕೊಟ್ಟರು. ಜಿಲ್ಲಾ ಆಸ್ಪತ್ರೆಯಲ್ಲಿ ಎಕೋ ರಿಪೋರ್ಟ್ ತೋರಿಸಿ, ಬೆಂಗಳೂರಿಗೆ ರೆಫರಲ್ ಬರೆಸಿಕೊಂಡೆವು. ನಮ್ಮದು ಬಿಪಿಎಲ್ ಕಾರ್ಡು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಬಿಪಿಎಲ್ ಇಲ್ಲದವರಿಗೂ ಪ್ಯಾಕೇಜ್ ದರದ, ಅಂದರೆ ಯೋಜನೆಯವರು ಆ ಚಿಕಿತ್ಸೆಗೆ ಗೊತ್ತು ಮಾಡಿದ ದರದ, 30 ಪರ್ಸೆಂಟ್ ಸಿಗುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಎಮರ್ಜೆನ್ಸಿ ಅಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ನೇರವಾಗಿ ಹೋಗಿ ಅಡ್ಮಿಟ್ ಆಗಿ ಆಮೇಲೆ ಕಾರ್ಡು ತೋರಿಸುತ್ತೇವೆ ಅಂದುಕೊಂಡರೆ ಸಿಕ್ಕಿಹಾಕಿಕೊಳ್ಳುತ್ತೀರಿ.

ನಮಗೆ ಎಡವಟ್ಟಾಗಿದ್ದು ಇನ್ನೊಂದು ಕಡೆ. ರೇಷನ್ ಕಾರ್ಡಿನಲ್ಲಿ ಪಾಪುವಿನ ಹೆಸರು ಇರಲಿಲ್ಲ. ಇರುವುದಾದರೂ ಹೇಗೆ? ಎರಡು ತಿಂಗಳ ಕೂಸು, ನಾಮಕರಣವೂ ಆಗಿರಲಿಲ್ಲ. ಬೆಂಗಳೂರಿನ ಆಸ್ಪತ್ರೆಯ ಕೌಂಟರಿನಲ್ಲಿ "ಹೆಸರು ಸೇರಿಸಿಕೊಂಡು ಬನ್ನಿ" ಅಂದುಬಿಟ್ಟರು. ನಮ್ಮನೆಯವರು ಬ್ಯಾಗು ಎತ್ತಿಕೊಂಡು ಊರಿಗೆ ಹೊರಟೇಬಿಟ್ಟಿದ್ದರು. ಪಕ್ಕದ ಕ್ಯೂನಲ್ಲಿದ್ದ ಚಿತ್ರದುರ್ಗದ ಅಜ್ಜಿಯೊಬ್ಬರು "ಆರೋಗ್ಯಮಿತ್ರ ಅಂತ ಒಬ್ರು ಕೂತಿರ್ತಾರೆ, ಮೊದ್ಲು ಅಲ್ಲಿ ಕೇಳಪ್ಪ" ಅಂದರು. ಆರೋಗ್ಯಮಿತ್ರ ಅಂದರೆ ಈ ಯೋಜನೆಯ ಕಾಗದಪತ್ರಕ್ಕೆ ಸಹಾಯ ಮಾಡಲು ಆಸ್ಪತ್ರೆಯಲ್ಲಿ ಕೂರುವವರು. ಅಲ್ಲಿ ಕೇಳಿದರೆ ಪಾಪುವಿನ ಜನನ ಪ್ರಮಾಣಪತ್ರ, ನನ್ನ ಆಧಾರ್, ನನ್ನ ಹೆಸರಿರುವ ರೇಷನ್ ಕಾರ್ಡು, ತಾಯಿ ಕಾರ್ಡು ತೆಗೆದುಕೊಂಡು ಕೆಲಸ ಮಾಡಿಕೊಟ್ಟರು. ಎಲ್ಲದರದ್ದೂ ಐದಾರು ಜೆರಾಕ್ಸ್ ಮೊದಲೇ ಮಾಡಿಸಿಟ್ಟುಕೊಳ್ಳಿ. ಆಸ್ಪತ್ರೆ ಎದುರಿನ ಜೆರಾಕ್ಸ್ ಅಂಗಡಿ ನಿಮಗೆ ಬೇಕಾದಾಗಲೇ ಮುಚ್ಚಿರುತ್ತದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ಎಡ ಪಕ್ಕೆಲುಬಿನ ನಡುವೆ, ಬೆನ್ನಿನ ಕಡೆಗೆ ಕೊಯ್ದು, ಕಿರಿದಾದ ಭಾಗ ತೆಗೆದು ಎರಡು ತುದಿ ಸೇರಿಸಿ ಹೊಲಿದರು. ಆ ದಿನವೇ ಕಾಲಲ್ಲಿ ನಾಡಿ ಸಿಕ್ಕಿತು ಅಂತ ಸಿಸ್ಟರ್ ಹೊರಗೆ ಬಂದು ಹೇಳಿದರು. ಎದೆಯ ಪಕ್ಕದಲ್ಲಿ ಒಂದು ಸಣ್ಣ ಪೈಪು ಹಾಕಿ ಬಾಟಲಿಗೆ ಬಿಟ್ಟಿದ್ದರು. ಮೊದಲು ಕೆಂಪು ನೀರು, ಆಮೇಲೆ ತಿಳಿ ಗುಲಾಬಿ. "ನಾಳೆ ಡ್ರೈನ್ ತೆಗೀತೀವಿ" ಅಂದರು. ನನ್ನ ಹಾಲನ್ನು ಮೂಗಿನ ನಳಿಕೆಯಲ್ಲಿ ಸ್ವಲ್ಪ ಸ್ವಲ್ಪ ಕೊಡಲು ಶುರು ಮಾಡಿದರು. ಎಷ್ಟು ಖುಷಿ ಆಗಿತ್ತು ಅಂದರೆ ಊರಿಗೆ ಫೋನ್ ಮಾಡಿ "ಭಾನುವಾರ ಬರ್ತೀವೇನೋ" ಅಂತಲೂ ಹೇಳಿದ್ದೆ.

ಹಾಲು ಜಾಸ್ತಿ ಮಾಡಿದ ಮಾರನೇ ದಿನ ಬಾಟಲಿಯಲ್ಲಿ ಬೆಳ್ಳಗೆ ನೀರು. ರಾತ್ರಿ ಪಾಳಿಯ ಸಿಸ್ಟರ್ ನೋಡಿ ಡ್ಯೂಟಿ ಡಾಕ್ಟರನ್ನು ಕರೆದರು. ನಾನು ಕೀವು ಅಂದುಕೊಂಡೆ. ಅಥವಾ ಹಾಲು ಹೊಟ್ಟೆಗೆ ಹೋಗದೆ ಎದೆಗೆ ಹೋಗಿಬಿಟ್ಟಿದೆಯಾ ಅಂತ ಕೈಕಾಲು ನಡುಗಿತು. ಎರಡೂ ಅಲ್ಲ. ನೀರನ್ನು ಲ್ಯಾಬಿಗೆ ಕಳಿಸಿದರು. ಅದರಲ್ಲಿ ಟ್ರೈಗ್ಲಿಸರೈಡ್ ಅನ್ನುವ ಜಿಡ್ಡು ಡೆಸಿಲೀಟರಿಗೆ 110 ಮಿಲಿಗ್ರಾಂ ದಾಟಿದರೆ, ಬಿಳಿ ರಕ್ತಕಣಗಳಲ್ಲಿ ಹೆಚ್ಚಿನವು ಲಿಂಫೋಸೈಟ್ ಆಗಿದ್ದರೆ, ಅದು ಕೈಲೋಥೊರಾಕ್ಸ್. ನಮ್ಮ ರಿಪೋರ್ಟಿನಲ್ಲಿ ಎರಡೂ ಇತ್ತು.

ಮರುದಿನ ಸರ್ಜನ್ ಒಂದು ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ತಿಳಿಸಿದರು. ಮೈಯಲ್ಲಿ ರಕ್ತದ ಜೊತೆಗೆ ಲಿಂಫ್ ಅನ್ನುವ ಇನ್ನೊಂದು ನೀರೂ ಓಡಾಡುತ್ತದೆ. ನಾವು ತಿಂದ ಜಿಡ್ಡಿನಲ್ಲಿ ಬಹುಪಾಲು ಕರುಳಿನಿಂದ ನೇರ ರಕ್ತಕ್ಕೆ ಹೋಗುವುದಿಲ್ಲ, ಈ ಲಿಂಫಿನ ದಾರಿ ಹಿಡಿಯುತ್ತದೆ. ಹೊಟ್ಟೆಯಿಂದ ಹೊರಟು, ಬೆನ್ನುಮೂಳೆಯ ಮುಂದೆ ಎದೆಯೊಳಗೆ ಹತ್ತಿ, ಎಡ ಕತ್ತಿನ ಬುಡದಲ್ಲಿ ರಕ್ತನಾಳಕ್ಕೆ ಸೇರುವ ಒಂದು ತೆಳ್ಳಗಿನ ನಾಳವಿದೆ. ಅದು ಥೊರಾಸಿಕ್ ಡಕ್ಟ್. ದೊಡ್ಡವರಲ್ಲೇ ಅದು ಸಣ್ಣದು, ಕೂಸಿನಲ್ಲಿ ಕಣ್ಣಿಗೇ ಕಾಣುವುದು ಕಷ್ಟ. ಪಾಪುವಿಗೆ ಹೊಲಿಗೆ ಹಾಕಿದ ಜಾಗದ ಪಕ್ಕದಲ್ಲೇ ಅದು ಹಾದುಹೋಗುತ್ತದೆ. ಎಲ್ಲೋ ಒಂದು ಕಡೆ ಸೀಳಿದೆ, ನೀರು ಶ್ವಾಸಕೋಶದ ಸುತ್ತ ತುಂಬುತ್ತಿದೆ. ಜಿಡ್ಡು ಇರುವುದರಿಂದ ಬೆಳ್ಳಗಿದೆ.

ತೆಂಗಿನ ತೋಟದವರಾದ ನಮ್ಮನೆಯವರು ಆ ಚಿತ್ರ ನೋಡಿ, "ಡ್ರಿಪ್ ಪೈಪು ಸೀಳಿದ ಹಂಗೆ ಅಲ್ವಾ ಸಾರ್, ನೀರು ಕಮ್ಮಿ ಬಿಟ್ರೆ ಸೀಳು ಮುಚ್ಕೊಳತ್ತೆ" ಅಂದರು. ಸರ್ಜನ್ ನಕ್ಕು "ಪೈಪು ತಾನಾಗೇ ಮುಚ್ಚೋದಿಲ್ಲ, ಮಗು ಮುಚ್ಚಿಕೊಳ್ಳುತ್ತೆ, ಉಳಿದಿದ್ದು ಸರಿ" ಅಂದರು.

ಸೀಳಿದ್ದೇ ಕಾರಣ ಅಂತ ಒಪ್ಪುವ ಮೊದಲು ಅವರು ಇನ್ನೊಂದು ಎಕೋ ಮಾಡಿದರು, ಕತ್ತಿನ ರಕ್ತನಾಳಗಳನ್ನೂ ಸ್ಕ್ಯಾನ್ ಮಾಡಿದರು. ಐಸಿಯುನಲ್ಲಿ ಕತ್ತಿನ ರಕ್ತನಾಳಕ್ಕೆ ಲೈನ್ ಅನ್ನುವ ಸಣ್ಣ ನಳಿಕೆ ಹಾಕಿರುತ್ತಾರೆ. ಅಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಲಿಂಫ್ ನೀರು ರಕ್ತಕ್ಕೆ ಸೇರುವ ಬಾಯಿಯೇ ಕಟ್ಟಿಕೊಂಡು ಹಿಂದೆ ಸೋರಬಹುದು. ಆಗ ಚಿಕಿತ್ಸೆ ಬೇರೆ. ನಿಮ್ಮ ಮಗುವಿಗೆ ಈ ಸ್ಕ್ಯಾನ್ ಆಗಿದೆಯಾ ಅಂತ ಒಂದು ಮಾತು ಕೇಳಿ. ಆಪರೇಷನ್ ಆಗದ ಕೂಸುಗಳಿಗೂ ಇದು ಬರುತ್ತದೆ. ನಮ್ಮ ಪಕ್ಕದ ಬೆಡ್ಡಿನ ಮಗುವಿಗೆ ಹುಟ್ಟಿನಿಂದಲೇ ಇತ್ತು. ಹೊಟ್ಟೆಯಲ್ಲಿದ್ದಾಗಲೇ ಸ್ಕ್ಯಾನಿನಲ್ಲಿ ಎದೆಯಲ್ಲಿ ನೀರು ಕಂಡಿತ್ತಂತೆ. ಅಂಥವರಿಗೆ ನೂನನ್, ಡೌನ್ ಮುಂತಾದ, ಹುಟ್ಟಿನಿಂದಲೇ ಇರುವ ಸಿಂಡ್ರೋಮ್ ಇದೆಯಾ ಅಂತ ಜೆನೆಟಿಕ್ ಪರೀಕ್ಷೆಗೂ ಬರೆಯುತ್ತಾರೆ.

ಮೊದಲ ಚಿಕಿತ್ಸೆ ಎದೆಹಾಲು ನಿಲ್ಲಿಸುವುದು. ಎದೆಹಾಲಿನ ಜಿಡ್ಡು ಆ ದಾರಿಯಲ್ಲೇ ಹೋಗುತ್ತದಲ್ಲ, ಅದಕ್ಕೆ. ಬದಲಿಗೆ ಎಂಸಿಟಿ ಇರುವ ಹಾಲಿನ ಪುಡಿ. ಎಂಸಿಟಿ ಅಂದರೆ ಲಿಂಫಿನ ದಾರಿ ಬಿಟ್ಟು, ಕರುಳಿನಿಂದ ನೇರವಾಗಿ ಲಿವರಿನ ರಕ್ತಕ್ಕೆ ಹೋಗುವ ಜಾತಿಯ ಜಿಡ್ಡು. ಮಗುವಿಗೆ ಶಕ್ತಿ ಸಿಗುತ್ತದೆ, ಸೀಳಿದ ನಾಳಕ್ಕೆ ಕೆಲಸ ಇರುವುದಿಲ್ಲ.

ಡಾಕ್ಟರು ಚೀಟಿ ಬರೆದುಕೊಟ್ಟರು. ಆ ಪುಡಿ ಆಸ್ಪತ್ರೆಯ ಫಾರ್ಮಸಿಯಲ್ಲಿ ಇರಲಿಲ್ಲ. ಸುತ್ತಲಿನ ಮೆಡಿಕಲ್ ಶಾಪುಗಳಲ್ಲಿ "ಲ್ಯಾಕ್ಟೋಜೆನ್ ಕೊಡ್ಲಾ?" ಅಂತ ಕೇಳಿದರು. ಬೇಡವೇ ಬೇಡ. ಸಾಮಾನ್ಯ ಫಾರ್ಮುಲಾದಲ್ಲಿರುವ ಜಿಡ್ಡು ಎದೆಹಾಲಿನ ಜಿಡ್ಡಿನ ದಾರಿಯನ್ನೇ ಹಿಡಿಯುತ್ತದೆ. ಕೊನೆಗೆ ಹೋಲ್‌ಸೇಲ್ ಔಷಧಿ ಅಂಗಡಿಯೊಂದರಲ್ಲಿ ಎರಡು ಡಬ್ಬಿ ಸಿಕ್ಕಿತು. ಡಬ್ಬಿಗೆ ಸಾವಿರ ರೂಪಾಯಿಯ ಹತ್ತಿರ. ಮುಂದಿನದಕ್ಕೆ ಆರ್ಡರ್ ಕೊಟ್ಟು ಕಾಯಬೇಕು. ಸಿಕ್ಕಿದ ದಿನವೇ ಮುಂದಿನ ತಿಂಗಳಿಗೂ ಹೇಳಿಬಿಡಿ, ಡಬ್ಬಿಯ ತಾರೀಖು ನೋಡಿ ತಗೊಳ್ಳಿ.

ಇನ್ನು ನನ್ನ ಹಾಲಿನ ಕಥೆ. "ಎದೆಹಾಲು ನಿಲ್ಲಿಸಿ" ಅಂತ ಹೇಳಿ ಡಾಕ್ಟರು ಮುಂದಿನ ಬೆಡ್ಡಿಗೆ ಹೋದರು. ಆವತ್ತು ಅತ್ತದ್ದಕ್ಕೆ ಲೆಕ್ಕವಿಲ್ಲ. ನನ್ನ ಹಾಲೇ ಮಗುವಿಗೆ ವಿಷ ಆಯಿತಾ ಅನ್ನಿಸಿತ್ತು. ಎದೆ ಕಟ್ಟಿ ಕಲ್ಲಾಗಿತ್ತು. ಮಾತ್ರೆ ಕೊಟ್ಟು ಹಾಲು ಬತ್ತಿಸಿಬಿಡಿ ಅಂತ ವಾರ್ಡಿನಲ್ಲಿ ಯಾರೋ ಸಲಹೆಯನ್ನೂ ಕೊಟ್ಟರು. ಅಷ್ಟರಲ್ಲಿ ಒಬ್ಬ ಹಿರಿಯ ಸಿಸ್ಟರ್ ಬಂದು, "ಅಮ್ಮಾ, ಮಗುಗೆ ಕೊಡ್ಬೇಡಿ ಅಂದಿದ್ದು. ಹಾಲು ಬತ್ತಿಸಿ ಅಂತ ಯಾರೂ ಅಂದಿಲ್ಲ. ಮೂರು ಗಂಟೆಗೊಮ್ಮೆ ಹಿಂಡಿ ತೆಗೀರಿ, ರಾತ್ರಿನೂ" ಅಂದರು. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಪಥ್ಯ ತಿಂಗಳುಗಟ್ಟಲೆ ಇರಬಹುದು, ಆದರೆ ಮುಗಿಯುತ್ತದೆ. ಬತ್ತಿದ ಹಾಲನ್ನು ಮತ್ತೆ ತರಿಸುವುದು ತುಂಬ ಕಷ್ಟ. ಕೈಯಲ್ಲಿ ಹಿಂಡುವ ಪಂಪು ಸಾವಿರ ರೂಪಾಯಿ ಒಳಗೆ ಬರುತ್ತದೆ. ನನಗೆ ಅದರಲ್ಲಿ ಮಣಿಕಟ್ಟು ನೋವು ಬಂತು, ಕರೆಂಟಿನ ಪಂಪನ್ನು ಬಾಡಿಗೆಗೆ ತಂದೆವು.

ಹಿಂಡಿದ ಹಾಲನ್ನು ಉಪಯೋಗಿಸುವ ದಾರಿಯೂ ಇದೆ. ತಣ್ಣಗೆ ಇಟ್ಟುಕೊಂಡು ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ಎದೆಹಾಲು ಹಾಕಿದರೆ ಜಿಡ್ಡು ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಕೆಳಗಿನ ತೆಳು ಹಾಲನ್ನು ಸಿರಿಂಜಿನಲ್ಲಿ ಎಳೆದುಕೊಂಡರೆ ಜಿಡ್ಡಿಲ್ಲದ ಎದೆಹಾಲು ಸಿಗುತ್ತದೆ. ರೋಗ ತಡೆಯುವ ಅಂಶಗಳು ಅದರಲ್ಲಿ ಬಹುಮಟ್ಟಿಗೆ ಉಳಿಯುತ್ತವೆ. ಜಿಡ್ಡು ಹೋಗಿದ್ದರಿಂದ ಶಕ್ತಿ ಮಾತ್ರ ಕಮ್ಮಿ, ಅದಕ್ಕೆ ಎಂಸಿಟಿ ಎಣ್ಣೆ, ವಿಟಮಿನ್ ಸೇರಿಸುತ್ತಾರೆ. ಫ್ರಿಜ್ಜಿನಲ್ಲಿ ಒಂದು ದಿನ ಇಟ್ಟು ಮೇಲಿನ ಕೆನೆ ಬಿಟ್ಟು ಕೆಳಗಿನದನ್ನು ಎಳೆದುಕೊಳ್ಳುವ ವಿಧಾನವೂ ಇದೆ, ಆದರೆ ಅದರಲ್ಲಿ ಜಿಡ್ಡು ಸ್ವಲ್ಪ ಉಳಿಯುತ್ತದೆ. ನಮ್ಮ ಡಯಟಿಷಿಯನ್ ಮನೆಯಲ್ಲಿ ಅದು ಬೇಡ ಅಂದರು. ನಮ್ಮೂರಿನ ಕರೆಂಟಿಗೆ ಫ್ರಿಜ್ಜನ್ನು ನಂಬುವುದೂ ಕಷ್ಟ ಬಿಡಿ. ಯಂತ್ರದಲ್ಲಿ ಜಿಡ್ಡು ತೆಗೆಯುವ ಸೌಲಭ್ಯ ಎಲ್ಲ ಆಸ್ಪತ್ರೆಯಲ್ಲೂ ಕೇಳದೆ ಸಿಗುವುದಿಲ್ಲ. ಕೇಳಿ. ಲ್ಯಾಬಿನಲ್ಲಿ ಯಂತ್ರ ಇರುತ್ತದೆ, ಹಾಲಿಗೆ ಉಪಯೋಗಿಸಬಹುದು ಅಂತ ಯಾರಿಗೂ ಹೊಳೆದಿರುವುದಿಲ್ಲ, ಅಷ್ಟೇ.

ಪುಡಿ ಹಾಲು ಶುರುವಾದ ಮೇಲೆ ನೀರು ಸ್ವಲ್ಪ ಇಳಿಯಿತು, ಮತ್ತೆ ಏರಿತು. ನಮ್ಮ ಡಾಕ್ಟರುಗಳು ನೋಡುತ್ತಿದ್ದ ಲೆಕ್ಕ ಇದು: ದಿನಕ್ಕೆ ಮಗುವಿನ ತೂಕದ ಕೆಜಿಗೆ 10 ಎಂಎಲ್‌ಗಿಂತ ಕಡಿಮೆ ಬಂದರೆ ದಾರಿಗೆ ಬರುತ್ತಿದೆ ಅಂತ. ಪಾಪು 4 ಕೆಜಿಯ ಹತ್ತಿರ ಇದ್ದಳು. ಅಂದರೆ ನಮ್ಮ ಗೆರೆ 40 ಎಂಎಲ್. ಬೆಳಗ್ಗೆ ಆರಕ್ಕೆ ಸಿಸ್ಟರ್ ಬಾಟಲಿಗೆ ಪ್ಲಾಸ್ಟರ್ ಅಂಟಿಸಿ ಗುರುತು ಹಾಕುತ್ತಿದ್ದರು. ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ: ಎಷ್ಟು ಬಂತು, ಬಣ್ಣ ಏನು, ಏನು ಕೊಟ್ಟರು, ತೂಕ ಎಷ್ಟು. ನೂರರ ಮೇಲೆ ಇದ್ದ ದಿನ ನನಗೆ ಊಟ ಸೇರುತ್ತಿರಲಿಲ್ಲ. ಅರವತ್ತಕ್ಕೆ ಇಳಿದ ದಿನ ನಮ್ಮನೆಯವರು ಎಲ್ಲರಿಗೂ ಟೀ ಕೊಡಿಸುತ್ತಿದ್ದರು. ಈ ನೋಟ್‌ಬುಕ್ ಮುಂದೆ ಕೆಲಸಕ್ಕೆ ಬಂತು, ಡ್ಯೂಟಿ ಬದಲಾದಾಗ ಹೊಸ ಡಾಕ್ಟರು ಅದನ್ನೇ ಕೇಳಿ ನೋಡುತ್ತಿದ್ದರು.

ಇಳಿಯಲಿಲ್ಲ ಅಂತ ಬಾಯಿಂದ ಕೊಡುವುದನ್ನೇ ಪೂರ್ತಿ ನಿಲ್ಲಿಸಿದರು. ಇದು ನಮಗೆ ಅತಿ ಕಷ್ಟದ ಕಾಲ. ಟಿಪಿಎನ್ ಅಂತ, ಊಟದ ಸತ್ವವನ್ನೆಲ್ಲ ರಕ್ತನಾಳಕ್ಕೆ ಬಿಡುತ್ತಾರೆ. ಅದಕ್ಕೆ ಸೆಂಟ್ರಲ್ ಲೈನ್, ಅಂದರೆ ದೊಡ್ಡ ರಕ್ತನಾಳದೊಳಗೆ ಹಾಕುವ ನಳಿಕೆ ಬೇಕು. ಒಂದು ಹಳದಿ ಚೀಲ, ಪಕ್ಕದಲ್ಲಿ ಒಂದು ಬಿಳಿ ಸಿರಿಂಜು. ಬಿಳಿ ನೋಡಿ ನನಗೆ ಜೀವ ಹೋದ ಹಾಗಾಯಿತು. ಜಿಡ್ಡು ಬೇಡ ಅಂದವರು ಜಿಡ್ಡನ್ನೇ ಬಿಡುತ್ತಿದ್ದಾರಲ್ಲ! ಕೇಳಿದೆ. ಕರುಳಿನಿಂದ ಹೋದರೆ ಮಾತ್ರ ಲಿಂಫಿನ ದಾರಿ, ನೇರ ರಕ್ತಕ್ಕೆ ಹೋದ ಜಿಡ್ಡು ಆ ನಾಳಕ್ಕೆ ಬರುವುದಿಲ್ಲ ಅಂದರು.

ಹೊಟ್ಟೆ ಖಾಲಿ ಇಟ್ಟ ಕೂಡಲೇ ಬಾಟಲಿಯ ನೀರು ತಿಳಿ ಹಳದಿಯಾಯಿತು. ನಾವು ವಾಸಿಯಾಯಿತು ಅಂತ ಕುಣಿದೆವು. ಡಾಕ್ಟರು ತಣ್ಣೀರು ಎರಚಿದರು. ಜಿಡ್ಡು ಹೊಟ್ಟೆಗೆ ಹೋಗದಿದ್ದರೆ ಬಣ್ಣ ಹೇಗೂ ತಿಳಿಯಾಗುತ್ತದೆ, ಸೋರುವುದು ನಿಂತಿದೆ ಅಂತ ಅರ್ಥವಲ್ಲ. ಎಂಎಲ್ ನೋಡಿ, ಬಣ್ಣ ನೋಡಬೇಡಿ.

ಹಸಿದ ಕೂಸನ್ನು ಎತ್ತಿಕೊಂಡು ಕೂರುವುದು ಏನು ಅಂತ ಬರೆಯಲು ನನಗೆ ಬರುವುದಿಲ್ಲ. ನನ್ನ ಮೈಯ ವಾಸನೆ ಸಿಕ್ಕರೆ ಬಾಯಿ ತೆರೆದು ಹುಡುಕುತ್ತಿದ್ದಳು. ಅದಕ್ಕೇ ಆ ದಿನಗಳಲ್ಲಿ ಅವರಪ್ಪನೇ ಹೆಚ್ಚು ಹೊತ್ತು ಎತ್ತಿಕೊಂಡಿರುತ್ತಿದ್ದರು. ಚೀಪುವುದು ಮರೆಯದಿರಲಿ ಅಂತ ಸಿಸ್ಟರ್ ನಿಪ್ಪಲ್ ಕೊಟ್ಟರು. ಹತ್ತಿಯಿಂದ ಬಾಯಿ ಒದ್ದೆ ಮಾಡಲು ಬಿಟ್ಟರು.

ಸೋರಿ ಹೋಗುವುದು ಬರೀ ನೀರಲ್ಲ. ಅದರ ಜೊತೆ ಪ್ರೊಟೀನ್, ಉಪ್ಪಿನಂಶ, ಸೋಂಕಿನ ವಿರುದ್ಧ ಹೋರಾಡುವ ಲಿಂಫೋಸೈಟ್, ಇಮ್ಯುನೋಗ್ಲಾಬ್ಯುಲಿನ್ ಎಲ್ಲ ಹೋಗುತ್ತದೆ. ಪಾಪುವಿನ ಮುಖ ಊದಿಕೊಂಡಿತು. ಆಲ್ಬುಮಿನ್ ಅನ್ನುವ ಪ್ರೊಟೀನಿನ ಬಾಟಲಿ ಹಾಕಿದರು, ಒಮ್ಮೆ ಇಮ್ಯುನೋಗ್ಲಾಬ್ಯುಲಿನ್ ಕೂಡ ಕೊಟ್ಟರು. ಊರಿಂದ ನೋಡಲು ಬಂದವರನ್ನೆಲ್ಲ ಗೇಟಿನಿಂದಲೇ ವಾಪಸ್ ಕಳಿಸಿದೆವು. ಬೇಜಾರು ಮಾಡಿಕೊಂಡರು, ಮಾಡಿಕೊಳ್ಳಲಿ. ಕೆಮ್ಮು ಇರುವ ಚಿಕ್ಕಪ್ಪನ ಪ್ರೀತಿಗಿಂತ ಸೋಪು ಹಾಕಿ ತೊಳೆದ ಕೈ ಮೇಲು.

ಆಕ್ಟ್ರಿಯೋಟೈಡ್ ಅನ್ನುವ ಔಷಧಿಯನ್ನು ಸಣ್ಣ ಪಂಪಿನಲ್ಲಿ ದಿನವಿಡೀ ಬಿಡಲು ಶುರು ಮಾಡಿದ್ದು ಇದೇ ಹೊತ್ತಿಗೆ. ಕರುಳಿನ ರಕ್ತದ ಓಟ, ಲಿಂಫಿನ ಹರಿವು ಎರಡನ್ನೂ ತಗ್ಗಿಸುತ್ತದಂತೆ. ಎಲ್ಲ ಮಕ್ಕಳಿಗೂ ಕೆಲಸ ಮಾಡುತ್ತದೆ ಅಂತ ಖಾತ್ರಿ ಇಲ್ಲ ಅಂತಲೂ ಮೊದಲೇ ಹೇಳಿದರು. ಸಕ್ಕರೆ ಅಂಶ ಏರುಪೇರಾಗುತ್ತದೆ ಅಂತ ಹಿಮ್ಮಡಿ ಚುಚ್ಚಿ ಚುಚ್ಚಿ ನೋಡುತ್ತಿದ್ದರು. ಹೊಟ್ಟೆ ಉಬ್ಬರವಾಗಿದೆಯಾ, ಎದೆಬಡಿತ ನಿಧಾನ ಆಗಿದೆಯಾ ಅಂತಲೂ ನಿಗಾ.

ಒಂದು ಬೆಳಗ್ಗೆ ಬಾಟಲಿಯಲ್ಲಿ ಬರೀ 5 ಎಂಎಲ್. ನಮ್ಮನೆಯವರು ಅತ್ತೆಗೆ ಫೋನ್ ಮಾಡಲು ಓಡಿದರು. ಮಧ್ಯಾಹ್ನದ ಹೊತ್ತಿಗೆ ಪಾಪುವಿನ ಉಸಿರು ಜೋರಾಯಿತು, ಪಕ್ಕೆ ಸೆಳೆಯಿತು, ಆಕ್ಸಿಜನ್ ಬೇಕಾಯಿತು. ಎಕ್ಸ್‌ರೇ ತೆಗೆದರೆ ಎಡಗಡೆ ಬೆಳ್ಳಗೆ. ಪೈಪು ಕಟ್ಟಿಕೊಂಡಿತ್ತು. ನೀರು ನಿಂತಿರಲಿಲ್ಲ, ಹೊರಗೆ ಬರುವುದು ನಿಂತಿತ್ತು. ಹೊಸ ಡ್ರೈನ್ ಹಾಕಿದ ಕೂಡಲೇ ತುಂಬಿಕೊಂಡಿದ್ದೆಲ್ಲ ಹರಿದು ಬಂತು. ದಿಢೀರ್ ಅಂತ ಸೊನ್ನೆಗೆ ಇಳಿದರೆ ಖುಷಿಪಡುವ ಮೊದಲು ಉಸಿರು ನೋಡಿ. ಪೈಪು ಎಲ್ಲಾದರೂ ಮಡಚಿಕೊಂಡಿದೆಯಾ, ಮಗುವಿನ ಬೆನ್ನಡಿ ಸಿಕ್ಕಿದೆಯಾ ಅಂತ ಸಿಸ್ಟರಿಗೆ ತೋರಿಸಿ. ನೀವಾಗಿಯೇ ಮುಟ್ಟಿ ಎಳೆಯಬೇಡಿ.

ಅಷ್ಟು ಹೊತ್ತಿಗೆ ಆಪರೇಷನ್ ಮಾತು ಬಂದಿತ್ತು. ನಾಳವನ್ನು ಹುಡುಕಿ ಕಟ್ಟಿಬಿಡುವುದು ಒಂದು ದಾರಿ. ಶ್ವಾಸಕೋಶ ಎದೆಗೋಡೆಗೆ ಅಂಟಿಕೊಳ್ಳುವಂತೆ ಔಷಧಿ ಬಿಡುವುದು ಇನ್ನೊಂದು. ಕೆಲವು ಕಡೆ ಬಣ್ಣದ ಔಷಧಿ ಬಿಟ್ಟು ಎಂಆರ್‌ಐನಲ್ಲಿ ಸೋರುವ ಜಾಗ ಹುಡುಕಿ, ಕೊಯ್ಯದೆ ಒಳಗಿನಿಂದಲೇ ಮುಚ್ಚುತ್ತಾರೆ, ಆದರೆ ಇಷ್ಟು ಸಣ್ಣ ಕೂಸಿಗೆ ಅದು ಸುಲಭವಲ್ಲ ಅಂದರು. ನಾಳ ಕಟ್ಟಿದರೆ ಲಿಂಫ್ ಎಲ್ಲಿಗೆ ಹೋಗುತ್ತದೆ ಅಂತ ನಾನು ಕೇಳಿದೆ. ಬೇರೆ ಸಣ್ಣ ಸಣ್ಣ ದಾರಿಗಳು ತೆರೆದುಕೊಳ್ಳುತ್ತವೆ ಅಂದರು. ಒಪ್ಪಿಗೆ ಪತ್ರಕ್ಕೆ ಸಹಿ ಕೂಡ ಹಾಕಿದ್ದೆವು. ಹೊಸ ಡ್ರೈನ್ ಹಾಕಿದ ಮೇಲೆ ಲೆಕ್ಕ ನಿಧಾನವಾಗಿ ಇಳಿಯುತ್ತಾ ಬಂತು. ಎಂಬತ್ತು, ಅರವತ್ತೈದು, ಮತ್ತೆ ಎಪ್ಪತ್ತು, ನಲವತ್ತು. ಸರ್ಜನ್ ಆಪರೇಷನ್ ಮುಂದಕ್ಕೆ ಹಾಕಿದರು. ಅದು ಕೊನೆಗೂ ಬೇಕಾಗಲೇ ಇಲ್ಲ.

ದುಡ್ಡಿನ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಹೃದಯದ ಆಪರೇಷನ್ ಪ್ಯಾಕೇಜಿನಲ್ಲಿ ಆಯಿತು. ಆದರೆ ಇಷ್ಟು ಉದ್ದ ಐಸಿಯುನಲ್ಲಿ ಇರುತ್ತಾಳೆ ಅಂತ ಯಾರೂ ಲೆಕ್ಕ ಹಾಕಿರಲಿಲ್ಲ. ಬಿಲ್ಲಿಂಗಿನವರು ಒಂದು ದಿನ ಕರೆದು "ನಿಮ್ಮ ಪ್ಯಾಕೇಜ್ ದಿನ ಮುಗೀತು, ಇನ್ನು ನಿಮ್ಮ ಕೈಯಿಂದ" ಅಂದರು. ಆರೋಗ್ಯಮಿತ್ರರ ಹತ್ತಿರ ಹೋದೆವು. ಆಪರೇಷನ್ನಿನ ನಂತರ ತೊಂದರೆ ಬಂದಿದೆ, ಇನ್ನೂ ಐಸಿಯು ಬೇಕು ಅಂತ ಡಾಕ್ಟರು ಬರೆದುಕೊಟ್ಟರೆ, ಹೊಸದಾಗಿ ಅನುಮತಿ ಕೇಳಬಹುದು ಅಂದರು. ಡ್ರೈನ್ ಚಾರ್ಟು, ನೀರಿನ ಲ್ಯಾಬ್ ರಿಪೋರ್ಟು, ಎಕ್ಸ್‌ರೇ ಫೋಟೋ ಎಲ್ಲ ಅಪ್‌ಲೋಡ್ ಮಾಡಿಸಿದರು. ಒಪ್ಪಿಗೆ ಬಂತು, ಪೂರ್ತಿಗೆ ಬರಲಿಲ್ಲ. ಕೆಲವು ಆಲ್ಬುಮಿನ್ ಬಾಟಲಿ ಹೊರಗಿಂದ ತಂದೆವು, ಒಂದಕ್ಕೆ ಐದು ಸಾವಿರದ ಆಸುಪಾಸು. ಎಂಸಿಟಿ ಪುಡಿ "ಆಹಾರ" ಅಂತ ಲೆಕ್ಕವಾಗಿ ಯಾವುದಕ್ಕೂ ಸೇರಲಿಲ್ಲ. ರೂಮಿನ ಬಾಡಿಗೆ, ಊಟ, ಪಂಪಿನ ಬಾಡಿಗೆ, ಊರಿಗೆ ಓಡಾಟ ಎಲ್ಲ ಸೇರಿ ಕೈಯಿಂದ ಒಂದು ಲಕ್ಷ ದಾಟಿತು. ಆ ವರ್ಷದ ಕೊಬ್ಬರಿ ಮಾರಿದ ದುಡ್ಡೆಲ್ಲ ಹೋಯಿತು. ಪ್ಯಾಕೇಜ್ ದಿನ ಮುಗಿಯುವ ಮುಂಚೆಯೇ ವಿಸ್ತರಣೆಗೆ ಬರೆಸಿ. ಮುಗಿದ ಮೇಲೆ ಹೋದರೆ ಮಧ್ಯದ ದಿನಗಳು ನಿಮ್ಮ ತಲೆ ಮೇಲೆ.

ನಲವತ್ತರ ಕೆಳಗೆ ನಿಂತ ಮೇಲೆ ಎಂಸಿಟಿ ಹಾಲನ್ನು ಮತ್ತೆ 5 ಎಂಎಲ್‌ನಿಂದ ಶುರು ಮಾಡಿದರು. ದಿನವೂ ಸ್ವಲ್ಪ ಜಾಸ್ತಿ. ಜಿಡ್ಡು ತೆಗೆದ ನನ್ನ ಹಾಲನ್ನೂ ಸೇರಿಸಿದರು. ನೀರು ಏರಲಿಲ್ಲ. ಆಕ್ಟ್ರಿಯೋಟೈಡನ್ನು ಒಂದೇ ಸಲ ನಿಲ್ಲಿಸದೆ ಇಳಿಸುತ್ತಾ ಬಂದರು. ಬಾಟಲಿಯಲ್ಲಿ ಏನೂ ಬರದೆ, ಎಕ್ಸ್‌ರೇ ಕೂಡ ತಿಳಿಯಾಗಿದ್ದಾಗ ಡ್ರೈನ್ ತೆಗೆದರು. ತೆಗೆದ ಮೇಲೂ ಎಕ್ಸ್‌ರೇ ಮಾಡಿ ನೋಡಿಯೇ ಬಿಟ್ಟದ್ದು. ಅಡ್ಮಿಟ್ ಆದಾಗ ಎರಡು ವಾರಕ್ಕೆ ಅಂತ ಬಟ್ಟೆ ತಂದಿದ್ದೆವು. ಎರಡು ತಿಂಗಳ ಹತ್ತಿರ ಅಲ್ಲೇ ಇದ್ದೆವು.

ಡಿಸ್ಚಾರ್ಜ್ ಕಾಗದದಲ್ಲಿ ಆರು ವಾರ ಪಥ್ಯ ಅಂತಿತ್ತು. ಎಂಸಿಟಿ ಪುಡಿ ಮಾತ್ರ, ಎ, ಡಿ, ಇ, ಕೆ ವಿಟಮಿನ್ ಹನಿಗಳು, ಅಗತ್ಯ ಕೊಬ್ಬಿನಾಂಶಕ್ಕೆ ಡಯಟಿಷಿಯನ್ ಅಳೆದು ಬರೆದ ಒಂಚೂರು ಎಣ್ಣೆ. ಎಂಸಿಟಿಯಲ್ಲಿ ಮೈಗೆ ಬೇಕೇಬೇಕಾದ ಕೆಲವು ಕೊಬ್ಬಿನಾಂಶ ಇರುವುದಿಲ್ಲ, ಅದಕ್ಕೆ ಇದು. ಅದನ್ನು ಬಿಡಲೂಬಾರದು, ಜಾಸ್ತಿ ಹಾಕಲೂಬಾರದು.

ಮನೆಯಲ್ಲಿ ಯುದ್ಧ ಶುರುವಾಯಿತು. ನಮ್ಮ ಅತ್ತೆ ಒಳ್ಳೆಯವರು, ನನ್ನ ಜೊತೆ ಆಸ್ಪತ್ರೆಯ ನೆಲದಲ್ಲಿ ಮಲಗಿದವರು. ಆದರೆ ಎಂಸಿಟಿಯನ್ನು ತೆಂಗಿನಿಂದ ಮಾಡುತ್ತಾರೆ ಅಂತ ಯಾರೋ ಅವರಿಗೆ ಹೇಳಿಬಿಟ್ಟಿದ್ದರು. "ಸಾವಿರ ರೂಪಾಯಿ ಪುಡಿ ಯಾಕಮ್ಮ, ನಮ್ಮ ಗಾಣದ ಕೊಬ್ಬರಿ ಎಣ್ಣೆ ಎರಡು ತೊಟ್ಟು ಹಾಕು, ಕೂಸು ದುಂಡಗಾಗ್ತೈತೆ" ಅಂದರು. ತಿಪಟೂರಿನಲ್ಲಿ ಕೊಬ್ಬರಿ ಎಣ್ಣೆ ಬೇಡ ಅನ್ನುವುದು ಹೇಗೆ? ನಾನು ಡಾಕ್ಟರಿಗೇ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಅವರು ಬಿಡಿಸಿ ಹೇಳಿದರು. ಕೊಬ್ಬರಿ ಎಣ್ಣೆಯಿಂದ ಎಂಸಿಟಿ ತೆಗೆಯುವುದು ನಿಜ, ಆದರೆ ಬೇರ್ಪಡಿಸಿ ತೆಗೆಯುತ್ತಾರೆ. ಕೊಬ್ಬರಿ ಎಣ್ಣೆಯಲ್ಲಿ ಹೆಚ್ಚುಕಮ್ಮಿ ಅರ್ಧ ಇರುವುದು ಲಾರಿಕ್ ಆಸಿಡ್, ಅದರಲ್ಲಿ ಬಹಳಷ್ಟು ಲಿಂಫಿನ ದಾರಿಯನ್ನೇ ಹಿಡಿಯುತ್ತದೆ. ಮೈಗೆ ಹಚ್ಚಲು ಅವರು ಬೇಡ ಅನ್ನಲಿಲ್ಲ, ಹೊಲಿಗೆಯ ಹತ್ತಿರ ಮಾತ್ರ ಬೇಡ ಅಂದರು. ಅತ್ತೆ ಒಪ್ಪಿದರು. ಆಮೇಲೆ ಬಂದವರಿಗೆಲ್ಲ ಲಾರಿಕ್ ಆಸಿಡ್ ಪಾಠ ಮಾಡಿದ್ದು ಅವರೇ. ನಾಮಕರಣವನ್ನೂ ಮುಂದೆ ಹಾಕಿದೆವು. ಅಲ್ಲಿ ಯಾರಾದರೂ ಬೆರಳಲ್ಲಿ ಬೆಣ್ಣೆಯನ್ನೋ ತುಪ್ಪವನ್ನೋ ನೆಕ್ಕಿಸಿಬಿಟ್ಟರೆ ಅಂತ.

ಮನೆಯಲ್ಲಿ ನಿಗಾ ಇಟ್ಟದ್ದು ಉಸಿರಿನ ಮೇಲೆ. ಉಸಿರು ಜೋರಾದರೆ, ಪಕ್ಕೆ ಸೆಳೆದರೆ, ಹಾಲು ಬಿಟ್ಟರೆ, ಮಂಕಾದರೆ, ಜ್ವರ ಬಂದರೆ ಕಾಯದೆ ಕರೆತನ್ನಿ ಅಂದಿದ್ದರು. ಒಮ್ಮೆ ರಾತ್ರಿ ಉಸಿರು ಜೋರು ಅನ್ನಿಸಿ ತುಮಕೂರಿಗೆ ಓಡಿದೆವು. ಎಕ್ಸ್‌ರೇಯಲ್ಲಿ ನೀರು ಇರಲಿಲ್ಲ, ಬರೀ ನೆಗಡಿ. ಅಲ್ಲಿನ ಡ್ಯೂಟಿ ಡಾಕ್ಟರಿಗೆ ಈ ಕಾಯಿಲೆ ಹೊಸದು. ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿ ಇದ್ದದ್ದರಿಂದ ಉಳಿದುಕೊಂಡೆವು, ಇಲ್ಲದಿದ್ದರೆ ಮಾಮೂಲಿ ಪುಡಿ ಹಾಲು ಬರೆದುಬಿಡುತ್ತಿದ್ದರು. ಅದರ ಫೋಟೋ ಮನೆಯವರೆಲ್ಲರ ಮೊಬೈಲಿನಲ್ಲೂ ಇರಲಿ.

ಪಥ್ಯ ಮುಗಿದ ಮೇಲೆ ಎದೆಹಾಲನ್ನು ಒಂದೇ ಸಲಕ್ಕೆ ಪೂರ್ತಿ ಕೊಡಲಿಲ್ಲ. ಮೊದಲು ಎಕ್ಸ್‌ರೇ. ಆಮೇಲೆ ಅರ್ಧ ಪುಡಿ, ಅರ್ಧ ನನ್ನ ಹಾಲು. ಒಂದು ವಾರ ಬಿಟ್ಟು ಮತ್ತೆ ಎಕ್ಸ್‌ರೇ. ತಿಳಿಯಾಗಿತ್ತು, ಅದಕ್ಕೇ ಹೋದ ವಾರ ಪೂರ್ತಿ ಕೊಡಿ ಅಂದದ್ದು. ಎದೆಗೆ ಹಚ್ಚಿದರೆ ಪಾಪು ಮುಖ ತಿರುಗಿಸುತ್ತಾಳೆ, ಬಾಟಲಿ ಅಭ್ಯಾಸವಾಗಿಬಿಟ್ಟಿದೆ. ನಿದ್ದೆಗಣ್ಣಿನಲ್ಲಿದ್ದಾಗ ಹಚ್ಚಿದರೆ ಸ್ವಲ್ಪ ಹೊತ್ತು ಕುಡಿಯುತ್ತಾಳೆ. ಉಳಿದದ್ದನ್ನು ಇನ್ನೂ ಹಿಂಡಿ ಕೊಡುತ್ತಿದ್ದೇನೆ.

ಲಸಿಕೆಯದ್ದೊಂದು ಬಾಕಿ. ಆಸ್ಪತ್ರೆಯಲ್ಲಿದ್ದಾಗ ಎರಡೂವರೆ ತಿಂಗಳದ್ದು ತಪ್ಪಿತ್ತು, ಅದನ್ನು ಹಾಕಿಸಿದ್ದೇವೆ. ಒಂಬತ್ತು ತಿಂಗಳಿಗೆ ಹಾಕುವ ದಡಾರ-ರುಬೆಲ್ಲಾ ಲಸಿಕೆಯ ಬಗ್ಗೆ ಡಾಕ್ಟರು ಎಚ್ಚರಿಸಿದ್ದಾರೆ. ಇಮ್ಯುನೋಗ್ಲಾಬ್ಯುಲಿನ್ ಕೊಟ್ಟ ಮಕ್ಕಳಿಗೆ ಆ ಲಸಿಕೆ ಬೇಗ ಹಾಕಿದರೆ ಸರಿಯಾಗಿ ಹಿಡಿಯುವುದಿಲ್ಲ, ತಾರೀಖು ಮುಂದೆ ಹೋಗಬಹುದು. ಕೊಟ್ಟ ದಿನಾಂಕವನ್ನು ತಾಯಿ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ ಬರೆಸಿಕೊಂಡಿದ್ದೇನೆ, ನೀವೂ ಬರೆಸಿಕೊಳ್ಳಿ. ಅಂಗನವಾಡಿಯಲ್ಲಿ ಲಸಿಕೆ ಹಾಕುವವರಿಗೆ ಅದು ತಾನಾಗಿ ಗೊತ್ತಾಗುವುದಿಲ್ಲ. ಮುಂದಿನ ಎಕೋ ಮೂರು ತಿಂಗಳಿಗೆ. ಹೊಲಿದ ಜಾಗ ಮತ್ತೆ ಕಿರಿದಾಗಿದೆಯಾ ಅಂತ ಆವತ್ತು ಕೈಕಾಲು ಎರಡರ ಬಿಪಿಯನ್ನೂ ನೋಡುತ್ತಾರೆ.